ಬದನಿಕಾಯಿ ಬಣ್ಣದ ಜಂಪರ್ ಪೀಸು

"ಬಸರಿ ಮಗಳ ಕುಬಸದಾಗ ಉಡಿ ತುಂಬೋ ಜಂಪರ್ ಪೀಸಿನ ಖಾತೆ ನಂದು! ಯಾರೂ ಕೈ ಹಾಕಬಾರದು!" ಅಂತ ಘೋಷಣೆ ಮಾಡಿಬಿಟ್ಟೆ. ರಾಣೆಬೆನ್ನೂರಿನ ಕಾಲೇಜಿನಾಗ ಸಂಭವನೀಯತೆ ಕಲಿಸೋ ಈ ಸೋಮಣ್ಣ ಮಾಸ್ತರಿಗೆ ಇಪ್ಪತ್ತೈದು ಪೀಸು ಯಾವ ಲೆಕ್ಕ!

ಹೆಂಡತಿ ಶ್ರೀದೇವಿ ಬೆರಳು ಎತ್ತಿದಳು. "ಹಲಗೇರಿಯಿಂದ ನಿಮ್ಮ ಉಚ್ಚಂಗೆವ್ವಕ್ಕ ಬರತಾರ. ಹೋದ ಸಲ ನಾನು ಮಾಸಿದ ಬಣ್ಣದ್ದು ಕೊಟ್ಟೆ ಅಂತ ಮಾತು ಬಿಟ್ಟವರು, ಈಗ ಬರಾಕ ಒಪ್ಯಾರ. ಅವರಿಗೆ ಹಸರು ಪೀಸೇ ಹೋಗಬೇಕು. ಬದನಿಕಾಯಿ ಬಣ್ಣದ್ದು ಮಾತ್ರ ಬ್ಯಾಡ. ಅದು ಅವರೇ ನಮಗ ಕೊಟ್ಟದ್ದು!"

ನಮ್ಮ ಕಡೆ ಉಡಿ ತುಂಬಿದ ಪೀಸು ಯಾರೂ ಹೊಲಿಸೂದಿಲ್ಲ. ಮನಿಯಿಂದ ಮನಿಗೆ ತಿರುಗತಿರತೈತಿ. ಆದರ ಕೊಟ್ಟವರ ಕೈಗೇ ವಾಪಸ್ ಹೋತೋ, ಮಾನ ಹೋತು!

ನಾನು ಹುರುಪಿನ್ಯಾಗ ಹನ್ನೆರಡು ಕೆಂಪು, ಎಂಟು ಹಸರು, ನಾಕು ಹಳದಿ, ಒಂದು ಬದನಿಕಾಯಿ, ಎಲ್ಲಾ ಒಂದೇ ನಮೂನಿ ಬಂಗಾರದ ಬಣ್ಣದ ಕಾಗದದಾಗ ಸುತ್ತಿ, ಬುಟ್ಟಿಯೊಳಗ ಗೋಪುರ ಕಟ್ಟಿದೆ. ಗುರುತು ಹಾಕಿಲ್ಲ ಅಂತ ನೆನಪಾಗೂದರಾಗ ಹೆಂಗಸರೆಲ್ಲಾ ಬಂದು ಕುಂತಿದ್ರು!

"ಹೆದರಬ್ಯಾಡ," ಅಂತ ಶ್ರೀದೇವಿ ಕಿವಿಯಾಗ ಅಂದೆ. "ಅಕ್ಕಗ ಬದನಿಕಾಯಿ ಬೀಳೋ ಸಂಭವ ನೂರಕ್ಕ ನಾಕು. ತೊಂಬತ್ತಾರು ನಮ್ಮ ಕಡೆ!"

"ಆ ನಾಕರಾಗ ನನ್ನ ಮಾನ ಐತ್ರಿ!"

ಉಡಿ ತುಂಬೂದು ಮುಗೀತು. ಅಕ್ಕ ಅಲ್ಲೇ ಕಾಗದ ಹರಿದಳು. ಬದನಿಕಾಯಿ! ನನ್ನ ತೊಂಬತ್ತಾರೂ ಹಿತ್ತಲ ಬಾಗಲದಿಂದ ಓಡಿಹೋದವು.

ಅಕ್ಕ ಪೀಸಿನ ಮೂಲಿ ಹಿಡಿದು ನೋಡಿದಳು. "ಈ ಅರಿಷಿಣದ ಕಲಿ ನನ್ನ ಕೈದಲಾ!"

ಶ್ರೀದೇವಿ ಕಣ್ಣಾಗ ನೀರು ಬಂತು. "ಅಕ್ಕಾರ, ತಪ್ಪಾತ್ರಿ..."

ಅಕ್ಕ ತನ್ನ ಚೀಲದಿಂದ, ಶ್ರೀದೇವಿಗಂತ ತಂದಿದ್ದ ಪೀಸು ತಗದು ಮುಂದಿಟ್ಟಳು. ಮಾಸಿದ ಬಣ್ಣದ್ದು. ಹೋದ ಸಲ ನಾವೇ ಕೊಟ್ಟದ್ದು!

"ಬಸ್ಸಿನ ಅವಸರದಾಗ ಕೈಗೆ ಸಿಕ್ಕಿದ್ದು ತಂದೇನಿ. ಇಲ್ಲಿಗೆ ಬಂದ ಮ್ಯಾಲ ನೋಡಿದೆ. ಇದನ್ನ ಹೆಂಗ ಕೊಡಲಿ ಅಂತ ಆಗಿಂದ ಜೀವ ಹೊಯ್ದಾಡಾಕತ್ತಿತ್ತವಾ!"

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಆಮ್ಯಾಲ ನಗು ಅಂದ್ರ ನಗು! ಸೆರಗಿಲೆ ಕಣ್ಣೊರಸಿಕೊಂಡು, ಹೆಗಲಿಗೆ ಹೆಗಲು ಹಚ್ಚಿ ಕುಂತ್ರು. ನನಗೂ ಧೈರ್ಯ ಬಂತು.

"ಎರಡೂ ಒಂದೇ ದಿನ ಆಗೋ ಸಂಭವ ಎಷ್ಟು ಅಂದ್ರ..."

"ಇವರ ಕೈಯಾಗ ಕೆಲಸ ಕೊಟ್ರ ಕೆಡೂದು ನೂರಕ್ಕ ನೂರ್ರಿ, ಅಕ್ಕಾರ," ಅಂದಳು ಶ್ರೀದೇವಿ.

"ಖರೇ ನೋಡವಾ! ಸಣ್ಣಾಂವ ಇದ್ದಾಗಿಂದ ನೋಡೇನಿ," ಅಂದಳು ಅಕ್ಕ.

ಇವರಿಬ್ಬರೂ ಒಂದು ಮಾತಿಗೆ ಒಪ್ಪೋ ಸಂಭವ ಸೊನ್ನಿ ಅಂತ ನಾನೇ ಲೆಕ್ಕ ಹಾಕಿಟ್ಟಿದ್ದೆ. ಅದೂ ತಪ್ಪಾತು!