ನಾಲ್ಕು ತಂತಿಯ ಸುತ್ತೋಲೆ

ಬಿಕರ್ನಕಟ್ಟೆಯ ನೀರಿನ ಟಾಂಕಿಯ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ೧೯೬೭ರಿಂದೀಚೆಗೆ ವಾಲ್ವ್ ತೀರ್ಮಾನಿಸುವುದಿಲ್ಲ. ಹಂಪನಕಟ್ಟೆಯ ನೀರು ಸರಬರಾಜು ಕಚೇರಿಯ ಗೋಡೆಯಲ್ಲಿರುವ ಮೀಟರಿನ ಮುಳ್ಳು ತೀರ್ಮಾನಿಸುತ್ತದೆ.

ಅದಕ್ಕೂ ಮೊದಲು ವಯರ್‌ಮ್ಯಾನ್ ಗ್ರೆಗರಿ ದಿನಾ ಎರಡು ಹೊತ್ತು ಸೈಕಲ್ ತುಳಿದು ಹೋಗಿ ಕಣ್ಣಾರೆ ನೋಡಿ ಬರುತ್ತಿದ್ದ. ರಾತ್ರಿ ವಾಲ್ವ್ ಮುಚ್ಚಿದರೆ ಟಾಂಕಿ ತುಂಬುತ್ತಿತ್ತು, ಬೆಳಿಗ್ಗೆ ತೆರೆದರೆ ಊರಿಗೆ ನೀರು. ಇಷ್ಟು ಸರಳವಾದ ಕೆಲಸ ಕಚೇರಿಗೆ ಶೋಭೆಯಲ್ಲವೆಂದು ವಿದೇಶದಿಂದ ಒಂದು ಉಪಕರಣ ತರಿಸಲಾಯಿತು. ವಾಲ್ವಿಗೆ ಕಟ್ಟಿದರೆ ಅದು ಎಷ್ಟು ತೆರೆದಿದೆ ಎಂಬುದನ್ನು ಕರೆಂಟಿನ ಅಳತೆಯಲ್ಲಿ ಮೀಟರಿಗೆ ತಿಳಿಸುತ್ತದೆ: ಪೂರ್ತಿ ಮುಚ್ಚಿದ್ದರೆ ನಾಲ್ಕು ಮಿಲಿಆಂಪಿಯರ್, ಪೂರ್ತಿ ತೆರೆದಿದ್ದರೆ ಇಪ್ಪತ್ತು. ಎರಡೇ ತಂತಿ ಸಾಕು. ಉಪಕರಣಕ್ಕೆ ಕರೆಂಟು ಹೋಗುವುದೂ ಸುದ್ದಿ ಬರುವುದೂ ಅವೆರಡರಲ್ಲೇ.

ಹನ್ನೊಂದು ವರ್ಷದಿಂದ ಹಂಗಾಮಿಯಾಗಿದ್ದ ಗ್ರೆಗರಿಗೆ, ಇದು ಸರಿಯಾಗಿ ಕೆಲಸ ಮಾಡಿದರೆ ಖಾಯಂ ಮಾಡುವುದಾಗಿ ಮಾತು ಕೊಡಲಾಗಿತ್ತು. ಪಾಪ, ನಂಬಿದ. ಒಂದೇ ವಾರದಲ್ಲಿ ತಂತಿ ಎಳೆದ. ಅರ್ಧ ತೆರೆದ ವಾಲ್ವಿಗೆ ಮುಳ್ಳು ಸರಿಯಾಗಿ ಹನ್ನೆರಡಕ್ಕೆ ನಿಂತಾಗ ಸಂತೋಷದಿಂದ ಅವನಿಗೆ ಊಟ ಸೇರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಚೇರಿಯಲ್ಲಿ ವಿದ್ಯುತ್ ಶಾಖೆ ಬೇರೆ, ಸಂದೇಶ ಶಾಖೆ ಬೇರೆ. ಸಂದೇಶ ಶಾಖೆಯ ಮುಖ್ಯಸ್ಥ ಮೋಹನದಾಸರು ಚಾ ಕುಡಿಯುತ್ತಾ ಗ್ರೆಗರಿಯನ್ನು ಕೇಳಿದರು: "ಇದರಲ್ಲಿ ನಮ್ಮ ತಂತಿ ಯಾವುದು?"

"ಎರಡೂ ನಿಮ್ಮದೇ ಸರ್. ಎರಡೂ ವಿದ್ಯುತ್ ಶಾಖೆಯದ್ದೂ ಹೌದು."

"ಹಾಗೆಲ್ಲ ಆಗುವುದಿಲ್ಲ ಮಾರಾಯ. ನಾಳೆ ತುಂಡಾದ್ರೆ ಯಾರಿಗೆ ಮೆಮೊ ಕೊಡುವುದು?"

ಸುತ್ತೋಲೆ ಹೊರಟಿತು: "ವಿದ್ಯುತ್ ಶಾಖೆಯ ತಂತಿಯಲ್ಲಿ ಸಂದೇಶವು ಪ್ರಯಾಣಿಸತಕ್ಕದ್ದಲ್ಲ. ಸಂದೇಶಕ್ಕೆ ಪ್ರತ್ಯೇಕ ಎರಡು ತಂತಿ ಇರತಕ್ಕದ್ದು. ಈವರೆಗೆ ಬಂದ ಸಂದೇಶಗಳನ್ನು ರದ್ದುಪಡಿಸಲಾಗಿದೆ."

"ಸರ್, ಉಪಕರಣದಲ್ಲಿ ಎರಡೇ ತಂತಿಗೆ ಜಾಗ ಉಂಟು," ಎಂದ ಗ್ರೆಗರಿ.

"ಮತ್ತೆರಡನ್ನು ಅದರ ಹತ್ತಿರ ಎಲ್ಲಿಯಾದ್ರೂ ಕಟ್ಟು."

ಅವನ್ನು ವಾಲ್ವ್ ಕೋಣೆಯ ಕಿಟಕಿಯ ಸರಳಿಗೆ ಕಟ್ಟಿ, ಕಚೇರಿಯ ಮೀಟರನ್ನು ಅವುಗಳಿಗೆ ಜೋಡಿಸಲಾಯಿತು. ವಾಲ್ವ್ ಪೂರ್ತಿ ತೆರೆದಿತ್ತು. ಮುಳ್ಳು ಸೊನ್ನೆಯಲ್ಲಿ ಮಲಗಿತು.

"ಸರ್, ಸೊನ್ನೆ ಅಂದ್ರೆ ತಂತಿಯೇ ಮುಟ್ಟಿಲ್ಲ ಅಂತ. ಮುಚ್ಚಿದ್ರೂ ನಾಲ್ಕು ಇರ್ಬೇಕು."

"ಕೆಲಸವಿಲ್ಲದೆ ಕೂತ ವಾಲ್ವಿಗೆ ನಾಲ್ಕು ಎಂತಕ್ಕೆ?" ಎಂದರು ಮೋಹನದಾಸರು, ಎರಡನೇ ಚಾ ತರಿಸುತ್ತಾ. "ನಾಲ್ಕಕ್ಕೆ ಮುಚ್ಚಿದ್ದಾದ್ರೆ ಸೊನ್ನೆಗೆ ಇನ್ನೂ ಬಿಗಿ."

ವಾಲ್ವ್ 'ಅತಿ ಬಿಗಿಯಾಗಿ ಮುಚ್ಚಿದೆ' ಎಂದು ದಾಖಲಾಯಿತು. ಮುಚ್ಚಿದ್ದನ್ನು ಮತ್ತೆ ಮುಚ್ಚುವುದು ಕರ್ತವ್ಯಲೋಪ. ಇಷ್ಟು ಬಿಗಿಯಾದದ್ದನ್ನು ತೆರೆಯಲು ಮೇಲಿನವರ ಅನುಮತಿ ಬೇಕು. ಆದ್ದರಿಂದ ವಾಲ್ವ್ ಕೋಣೆಗೆ ಮುದ್ರೆ ಒತ್ತಿ, ಗ್ರೆಗರಿಯ ಸೈಕಲ್ ವಾಪಸು ಪಡೆಯಲಾಯಿತು. ರಾತ್ರಿಯೂ ತೆರೆದೇ ಇದ್ದ ವಾಲ್ವಿನಿಂದ ನೀರೆಲ್ಲ ಒಡಕು ಪೈಪುಗಳಲ್ಲಿ ಇಳಿದು ಹೊಳೆ ಸೇರಿತು. ಟಾಂಕಿ ತುಂಬಲಿಲ್ಲ.

ನಾಲ್ಕನೇ ದಿನ ಬಿಕರ್ನಕಟ್ಟೆಯ ರತ್ನಾವತಿ ಹತ್ತು ಹೆಂಗಸರೊಡನೆ ಖಾಲಿ ಕೊಡಪಾನ ಹಿಡಿದು ಕಚೇರಿಗೆ ಬಂದಳು. "ನಳ್ಳಿಯಲ್ಲಿ ಒಂದು ಹನಿ ಇಲ್ಲ. ಮಕ್ಕಳಿಗೆ ಕುಡಿಲಿಕ್ಕೆ ಎಂತ ಕೊಡುವುದು?"

ಮೋಹನದಾಸರ ಮುಖ ಅರಳಿತು. "ನೋಡಿದಿರಾ! ವಾಲ್ವ್ ಮುಚ್ಚಿದೆ ಅಂತ ಮುಳ್ಳು ಸುಳ್ಳು ಹೇಳ್ಲಿಲ್ಲ!"

ರತ್ನಾವತಿಯ ದೂರನ್ನು ಉಪಕರಣದ ನಿಖರತೆಗೆ ಸಾಕ್ಷಿಯೆಂದು ಲಗತ್ತಿಸಲಾಯಿತು. ಕೆಳಗೆ ವಯರ್‌ಮ್ಯಾನನ ಸಹಿ ಬೇಕಿತ್ತು. ಪಕ್ಕದಲ್ಲೇ ಅವನನ್ನು ಖಾಯಂ ಮಾಡುವ ಆದೇಶ. ಗ್ರೆಗರಿ ಕೊಡಪಾನಗಳನ್ನು ನೋಡಿದ, ಆದೇಶ ನೋಡಿದ. ಸಹಿ ಮಾಡಿದ.

ಈಗ ಅವನು ಖಾಯಂ. ಬೆಳಿಗ್ಗೆ ಮೀಟರಿನ ಗಾಜು ಒರೆಸಿ 'ಸೊನ್ನೆ' ಎಂದು ಬರೆಯುತ್ತಾನೆ. ಊರಿನವರು ಬಾವಿಗಳಿಗೆ ಹೊಸ ಹಗ್ಗ ಕೊಂಡಿದ್ದಾರೆ. ಸಂಜೆ ಮಣ್ಣಗುಡ್ಡದ ಮನೆಯಲ್ಲಿ ಹೆಂಡತಿ ಕಾರ್ಮಿನ್ ಅದೇ ಟಾಂಕಿಯ ಒಣ ನಳ್ಳಿಯ ಮುಂದೆ ನಿಂತು ಕೇಳುತ್ತಾಳೆ: "ಇವತ್ತು ಮುಳ್ಳು ಎಷ್ಟರಲ್ಲಿ ಉಂಟು?"

"ಸೊನ್ನೆ."

"ಹಾಗಾದ್ರೆ ಸರಿ ಉಂಟಲ್ಲ," ಎಂದು ಅವಳು ಕೊಡಪಾನ ಎತ್ತಿಕೊಂಡು ನೆರೆಮನೆಯ ಬಾವಿಗೆ ಹೋಗುತ್ತಾಳೆ.