ಮೇಲ್ದವಡೆ ಒಂದು ಪೆಟ್ಟಿಗೆಯಲ್ಲಿ, ಕೆಳದವಡೆ ಇನ್ನೊಂದರಲ್ಲಿ

ಅಂಗೈಯಗಲದ ಕಂಪ್ಯೂಟರ್ ತಯಾರಿಸುವ ಕಂಪನಿಯಲ್ಲಿ ಹೆಚ್ಚುವರಿ ಮೆಮೊರಿಗೆ ಬೆಲೆ ಕಟ್ಟುವ ಅಧಿಕಾರಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಹುಟ್ಟಿನಿಂದ ಬಂದದ್ದು, ಆಮೇಲೆ ಕಟ್ಟಿಸಿಕೊಂಡದ್ದು ಎಂಬ ಭೇದವಿಲ್ಲದೆ ಬಾಯಲ್ಲಿರುವ ಅಷ್ಟೂ ಹಲ್ಲುಗಳನ್ನು ತೋರಿಸಿ ನಗುತ್ತಾ ಸಲ್ಲಿಸುತ್ತಿರುವ ನಮಸ್ಕಾರಗಳನ್ನು ತಾವು ದಯವಿಟ್ಟು ಸ್ವೀಕರಿಸಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬೆಲೆಪಟ್ಟಿಯನ್ನು ಒಮ್ಮೆ ನೋಡಿದವರಿಗೆ ಆ ವಿಷಯದಲ್ಲಿ ಅನುಮಾನ ಉಳಿಯುವುದಿಲ್ಲ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ ಆ ಮಾತನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ, ಕಾರಣವನ್ನು ಮುಂದೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾವು ಹಲ್ಲು ಮಾಡುವವರು. ದಂತವೈದ್ಯರಲ್ಲ, ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಹೊಂದುವ ಹಲ್ಲನ್ನು ಒಂದು ಚಪ್ಪಲಿ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಮಾಡಿಕೊಡುತ್ತೇವೆ. ನಾವು ಎಂದರೆ ಅಕ್ಕ, ಭಾವ ಮತ್ತು ನಾನು. ಭಾವ ಲೆಕ್ಕ ನೋಡಿಕೊಳ್ಳುತ್ತಾರೆ, ಕೇಳದಿದ್ದರೂ ಸಲಹೆ ಕೊಡುತ್ತಾರೆ. ಪ್ಲಾಸ್ಟರ್ ಕಲಸುವುದು, ಆದ ಹಲ್ಲಿಗೆ ಹೊಳಪು ಕೊಡುವುದು, ವೈದ್ಯರು ಫೋನು ಮಾಡಿದಾಗ ಕುರ್ಚಿಯಲ್ಲಿ ಕುಳಿತೇ 'ಹೊರಟುಬಿಟ್ಟೆ ಡಾಕ್ಟ್ರೇ, ದಾರೀಲಿದೀನಿ' ಎನ್ನುವುದು ನನ್ನ ಪಾಲಿನವು. ಉಳಿದದ್ದು, ಅಂದರೆ ಕೆಲಸ, ಅಕ್ಕನದು. ಒಂದೂ ಹಲ್ಲಿಲ್ಲದ ಬಾಯಿಗೆ ಪೂರ್ತಿ ಸೆಟ್ಟು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಕಟ್ಟಿದ ಹಲ್ಲು ಹಾಕಿಕೊಂಡವರು ಮನೆಯವರ ಜೊತೆ ಜಗಳವಾಡುವಾಗಲೂ ಅದು ಜಾಗ ಬಿಟ್ಟು ಕದಲುವುದಿಲ್ಲ.

ಹೋದ ವರ್ಷ ಅಕ್ಕನ ಹೆಬ್ಬೆರಳುಗಳ ಕೀಲುಗಳು ಊದಿಕೊಂಡವು. ಹಲ್ಲಿನ ಮಾದರಿಗೆ ಮೇಣ ಕೆತ್ತುವ ಚಾಕು ಇನ್ನು ಮುಟ್ಟಲೇಬಾರದು, ಮುಟ್ಟಿದರೆ ಬೆರಳು ಸೆಟೆದು ನಿಲ್ಲುತ್ತದೆ ಎಂದು ಮೂಳೆ ಡಾಕ್ಟರು ಹೇಳಿದರು. ಅಕ್ಕ ಮೆಟ್ಟಿಲು ಹತ್ತಿ ಬಂದವಳೇ 'ಚಾಕು ಬಿಟ್ಟು ನಾನೇನ್ ಮಾಡ್ಲೋ, ಇವ್ರ ಪಕ್ಕ ಕೂತು ಸಲಹೆ ಕೊಡ್ಲಾ?' ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಕೆಲಸವಿಲ್ಲದ ಅಕ್ಕನನ್ನು ನಾನು ಯಾವತ್ತೂ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಹೀಗಿರುವಾಗ, ಹಲ್ಲನ್ನು ಈಗ ಪರದೆಯ ಮೇಲೆ ಕೆತ್ತಿ ಹೊರಗಿನ ಯಂತ್ರದಲ್ಲಿ ಮಾಡಿಸಿಕೊಳ್ಳಬಹುದು, ಮೌಸ್ ಹಿಡಿದರೆ ಸಾಕು, ಹೆಬ್ಬೆರಳಿಗೆ ಏನೂ ಭಾರ ಬೀಳುವುದಿಲ್ಲ ಎಂದು ತಿಳಿದು ನಾವು ತಮ್ಮ ಮಳಿಗೆಯ ಬಾಗಿಲಿಗೆ ಬಂದೆವು. ಅಲ್ಲಿ ಗಾಜಿನ ಮೇಜಿನ ಮೇಲೆ ತಮ್ಮ ಪೆಟ್ಟಿಗೆ ಒಂದು ಸಾಬೂನಿನ ಡಬ್ಬಿಯಷ್ಟು ವಿನಯದಿಂದ ಕುಳಿತಿತ್ತು. ಬೆಲೆಯೂ ಅಷ್ಟೇ ವಿನಯದ್ದು, ನಾನು ಎರಡು ಸಲ ಓದಿ ಕಣ್ಣು ಒರೆಸಿಕೊಂಡೆ. ಆಗ ತಮ್ಮ ಮಾರಾಟಗಾರರು, ಅವರಿಗೆ ನಾವು ಮನೆಯಲ್ಲಿ 'ಮುಂದಾಲೋಚನೆ' ಎಂದು ಹೆಸರಿಟ್ಟಿದ್ದೇವೆ, ಬಹಳ ಮೃದುವಾಗಿ, 'ಮೆಮೊರಿ ಆಮೇಲೆ ಹಾಕ್ಸಕ್ಕಾಗಲ್ಲ ಸಾರ್, ಈಗ್ಲೇ ಮುಂದಾಲೋಚನೆ ಮಾಡ್ಬಿಡಿ' ಎಂದರು. ಮಾಡಿ ನೋಡಿದೆವು. ಪರದೆಯ ಮೇಲಿನ ಒಂದು ಸಣ್ಣ ಚೌಕವನ್ನು ಒತ್ತಿದ್ದಕ್ಕೆ ಬೆಲೆ ಎರಡರಷ್ಟಾಯಿತು. ಪೆಟ್ಟಿಗೆ ಮಾತ್ರ ಒಂದು ಕೂದಲೆಳೆಯಷ್ಟೂ ದಪ್ಪವಾಗಲಿಲ್ಲ.

ಮಾನ್ಯರೇ, ತಮ್ಮ ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಹಲ್ಲಿನ ವ್ಯವಹಾರದಲ್ಲಿ ನಮ್ಮ ಹಿರಿಯರಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಕೈ ಕೈ ಹಿಸುಕಿಕೊಂಡಿದ್ದೇನೆ. ಮಗು ಹುಟ್ಟಿದ ಕೂಡಲೇ ತಂದೆಯನ್ನು ಕೌಂಟರಿಗೆ ಕರೆದು, ಮೂಲ ಮಾದರಿಯಲ್ಲಿ ಮುಂದಿನ ನಾಲ್ಕು ಹಲ್ಲು ಮಾತ್ರ ಬರುತ್ತವೆ, ಅವು ನಗುವುದಕ್ಕೆ ಧಾರಾಳವಾಗಿ ಸಾಕು, ತಮ್ಮ ಮಗ ಮುಂದೆ ಏನನ್ನಾದರೂ ಅಗಿಯುವ ಯೋಚನೆ ಇಟ್ಟುಕೊಂಡಿದ್ದರೆ ದವಡೆ ಹಲ್ಲಿಗೆ ಬೇರೆ ದರ, ಒಸಡನ್ನು ಇವತ್ತೇ ಅಂಟಿಸಿ ಮುಚ್ಚಿಬಿಡುತ್ತೇವೆ, ಆಮೇಲೆ ಬಂದು ಅತ್ತರೆ ಪ್ರಯೋಜನವಿಲ್ಲ ಎಂದಿದ್ದರೆ, ನಾವು ಈಗ ಚಪ್ಪಲಿ ಅಂಗಡಿಯ ಮೇಲೆ ಇರುತ್ತಿರಲಿಲ್ಲ. ಆದರೆ ನಮ್ಮದು ಹಿಂದುಳಿದ ಕಸುಬು. ಎಂಬತ್ತು ವರ್ಷದ ಬಾಯಿಯನ್ನೂ ತೆರೆದು, ಬಿದ್ದುಹೋದ ಒಂದೇ ಒಂದು ಹಲ್ಲನ್ನು ಅದರ ಜಾಗದಲ್ಲೇ ಕೂರಿಸಿ, ಆ ಒಂದಕ್ಕಷ್ಟೇ ದುಡ್ಡು ತೆಗೆದುಕೊಳ್ಳುವ ಕೆಟ್ಟ ಚಾಳಿ ನಮಗೆ ಅಂಟಿಕೊಂಡಿದೆ.

ಭಾವ ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದರು. 'ಮೆಮೊರಿ ಹಾಕ್ಸೋ ದುಡ್ಡಿಗೆ ಇನ್ನೊಂದು ಪೆಟ್ಟಿಗೇನೇ ಬರುತ್ತಲ್ಲೋ! ಎರಡು ತಗೊಳ್ಳೋಣ, ದೊಡ್ಡದು ಒಂದಕ್ಕಿಂತ ಸಣ್ಣದು ಎರಡು ವಾಸಿ' ಎಂದರು. ಇಷ್ಟು ಸರಿಯಾದ ಲೆಕ್ಕವನ್ನು ಭಾವ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಮುಂದಾಲೋಚನೆಯವರು ಏನೋ ಹೇಳಲು ಬಾಯಿ ತೆರೆದು, ಎರಡು ಬಿಲ್ಲು ಎಂದು ಕೇಳಿದ ಮೇಲೆ ಮುಚ್ಚಿಕೊಂಡರು.

ಎರಡೂ ಬಂದವು. ಬಿಡಿ ಹಲ್ಲಿನ ಕೆಲಸಕ್ಕೆ ಅವು ಬಂಗಾರದಂಥವು ಎಂದು ಒಪ್ಪಿಕೊಳ್ಳಬೇಕು. ಅಕ್ಕ ಒಂದೇ ವಾರದಲ್ಲಿ ಮೌಸ್ ಹಿಡಿದು, ಕೋರೆಹಲ್ಲಿನ ತುದಿಯನ್ನು ಇಷ್ಟೇ ಇಷ್ಟು ಸವರುವುದನ್ನು ಕಲಿತಳು. ಪೂರ್ತಿ ಬಾಯಿ ಬಂದಾಗ ಮಾತ್ರ ಪೆಟ್ಟಿಗೆ ಕೈಕೊಟ್ಟಿತು. ಮೇಲ್ದವಡೆ ತೆರೆದರೆ ಸರಿ, ಕೆಳದವಡೆಯನ್ನೂ ತಂದು ಜೋಡಿಸಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗಲು ಹತ್ತಿ, ಅದು ತಿರುಗುತ್ತಿರುವಾಗ ನಾವು ಊಟ ಮುಗಿಸಿ ಬಂದರೂ ತಿರುಗುತ್ತಲೇ ಇತ್ತು. ಆಗ ಭಾವನಿಗೆ ಎರಡನೆಯ ಸಲಹೆ ಹೊಳೆಯಿತು. ಪೆಟ್ಟಿಗೆ ಎರಡು, ದವಡೆಯೂ ಎರಡು. ಮೇಲಿನದನ್ನು ಇದರಲ್ಲಿ ಮಾಡಿ, ಕೆಳಗಿನದನ್ನು ಅದರಲ್ಲಿ ಮಾಡಿ ಎಂದರು. ಅಕ್ಕ ಹುಬ್ಬು ಗಂಟಿಕ್ಕಿದಳು. ಆದರೂ ಮಾಡಿದಳು, ಏಕೆಂದರೆ ನಮಗೆ ಹೆಚ್ಚು ಕೆಲಸ ಕಳಿಸುವ ವೈದ್ಯೆಯವರು, ಪೂರ್ತಿ ಸೆಟ್ಟು ಇನ್ನೂ ತಡವಾದರೆ ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ ಎಂದು ಫೋನಿನಲ್ಲಿ ಬೇಸರದಿಂದ ಹೇಳಿದ್ದರು.

ಆ ಸೆಟ್ಟು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರದು. ಮೇಲ್ದವಡೆ ನೋಡಿದರೆ ಕಣ್ಣಿಗೆ ಹಬ್ಬ, ಕೆಳದವಡೆಯೂ ಹಾಗೇ. ಎರಡನ್ನೂ ಒಟ್ಟಿಗೆ ಬಾಯಲ್ಲಿಟ್ಟಾಗ ಮಾತ್ರ ಅವು ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಒಂದನ್ನೊಂದು ಗುರುತೇ ಹಿಡಿಯಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ಬಾಯಿ ಮುಚ್ಚಿ ಎಂದು ಗದರಿದ ಆ ತಾಯಿ ವೈದ್ಯೆಯವರ ಕುರ್ಚಿಯಲ್ಲಿ ತಮ್ಮ ಬಾಯಿಯನ್ನೇ ಮುಚ್ಚಲಾಗದೆ ನನ್ನನ್ನು ದುರುಗುಟ್ಟಿ ನೋಡಿದರು. ನಾನು ತಲೆ ತಗ್ಗಿಸಿ ಸೆಟ್ಟನ್ನು ಡಬ್ಬಿಗೆ ಹಾಕಿಕೊಂಡು ಬಂದೆ.

ಒಂದು ಪೆಟ್ಟಿಗೆಯ ಮೆಮೊರಿ ಕಿತ್ತು ಇನ್ನೊಂದಕ್ಕೆ ಹಾಕುವುದು ಎಂದು ಆಮೇಲೆ ತೀರ್ಮಾನವಾಯಿತು. ಅನ್ಯರ ಬಾಯಿಯ ಅಚ್ಚಿನೊಳಗೆ ಇಡೀ ದಿನ ಇಣುಕುವ ನಮಗೆ ಇಕ್ಕಟ್ಟಾದ ಜಾಗದ ಹೆದರಿಕೆ ಇಲ್ಲ. ತಳದ ಮುಚ್ಚಳ ತೆಗೆದು, ದೀಪ ಬಗ್ಗಿಸಿ, ಚಿಮಟ ಹಿಡಿದು ನಾನು ಸಿದ್ಧನಾದೆ. ಅಕ್ಕ ತನ್ನ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಒಳಗೆ ನೋಡಿದಳು. 'ಚಿಮಟ ಇಡೋ ಕೆಳಗೆ. ಇದು ಹಲ್ಲಲ್ಲ, ದವಡೆ. ಕಿತ್ರೆ ಎಲ್ಲಾ ಸೇರ್ಸಿ ಕೈಗೆ ಬರುತ್ತೆ' ಎಂದಳು. ಮೆಮೊರಿಯನ್ನು ಒಳಗಿನ ಹಲಗೆಯೊಂದಿಗೆ ಏಕಜೀವ ಮಾಡಿ ಬೆಸೆದ ತಮ್ಮ ಕುಶಲಕರ್ಮಿಗಳಿಗೆ ನಮ್ಮ ಮೂವರ ಶಾಪ ತಲುಪಿರಬಹುದು, ತಲುಪದಿದ್ದರೆ ಈ ಮೂಲಕ ಮತ್ತೊಮ್ಮೆ ಕಳಿಸುತ್ತಿದ್ದೇನೆ.

ಇಷ್ಟರವರೆಗೆ ತಮಾಷೆ. ಮರುದಿನ ರಜೆ, ಭಾವ ಮತ್ತು ನಾನು ಅಂಗಡಿ ಬೀದಿ ಸುತ್ತಿ ಮಧ್ಯಾಹ್ನ ನಮ್ಮ ಮಹಡಿಯ ಲ್ಯಾಬಿಗೆ ಹೋದರೆ ಕೋಣೆಯ ತುಂಬ ಬಿಸಿ ಮೇಣದ ವಾಸನೆ. ಅಕ್ಕ ಚಾಕು ಹಿಡಿದು ಕುಳಿತಿದ್ದಳು. ಮುಖ್ಯೋಪಾಧ್ಯಾಯಿನಿಯವರ ಪೂರ್ತಿ ಬಾಯಿ, ಎರಡೂ ದವಡೆ, ಕೈಯಲ್ಲೇ ಮುಗಿದಿತ್ತು. ಇಟ್ಟು ಒತ್ತಿ ನೋಡಿದರೆ ಒಂದು ಕಾಗದ ತೂರುವಷ್ಟೂ ಸಂದಿರಲಿಲ್ಲ. 'ಆ ಯಮ್ಮ ಎಷ್ಟು ದಿನಾಂತ ಗಂಜಿ ಕುಡೀಬೇಕು' ಎಂದಷ್ಟೇ ಹೇಳಿದಳು. ಚಾಕು ಕೆಳಗಿಡಲು ಹೋದಳು, ಆಗಲಿಲ್ಲ. ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಿದೆ. ಮರುದಿನ ಬೆಳಿಗ್ಗೆ ಅವಳ ಜಡೆಯನ್ನು ಭಾವ ಹೆಣೆದರು, ಸೊಟ್ಟಗೆ, ಒಂದೂ ಸಲಹೆ ಕೊಡದೆ. ನನಗೆ ಸಿಟ್ಟು ಬಂತು, ಆ ಸಿಟ್ಟಿಗೆ ತಮ್ಮದೇ ವಿಳಾಸವಿತ್ತು.

ಅದೇ ದಿನ ಹೋಗಿ, ಹೆಚ್ಚಿನ ಮೆಮೊರಿಯ ಪೆಟ್ಟಿಗೆಗೆ ದುಡ್ಡು ಕಟ್ಟಿ ಬಂದೆ. ಸಣ್ಣ ಪೆಟ್ಟಿಗೆಗಳಲ್ಲಿ ಒಂದನ್ನು ಚಪ್ಪಲಿ ಅಂಗಡಿಯವರು ನಾವು ಕೊಟ್ಟದ್ದರ ಅರ್ಧ ಬೆಲೆಗೆ ಕೊಂಡು, ನಮ್ಮ ಮೇಲೆ ಉಪಕಾರ ಮಾಡಿದವರಂತೆ ಓಡಾಡುತ್ತಿದ್ದಾರೆ. ಹೊಸದರಲ್ಲಿ ಎರಡೂ ದವಡೆ ಒಟ್ಟಿಗೆ ತೆರೆಯುತ್ತವೆ, ಮುಚ್ಚುತ್ತವೆ, ಚಕ್ರ ತಿರುಗುವುದಿಲ್ಲ. ಅಕ್ಕ ಅದರ ಮುಂದೆ ಕುಳಿತು ಹಾಡು ಗುನುಗುತ್ತಾಳೆ. ಮೇಣದ ಚಾಕುವನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅಷ್ಟೊಂದು ಕೊಟ್ಟದ್ದು ಸರಿಯೇ ಎಂದು ಪರಿಚಯದವರು ಕೇಳುತ್ತಾರೆ. ತಮ್ಮ ಬೆಲೆ ಹಗಲುದರೋಡೆ, ನಾನು ಕೊಟ್ಟದ್ದು ಸರಿ. ಈ ಎರಡು ಮಾತನ್ನು ಒಂದೇ ಬಾಯಲ್ಲಿ ಹೊಂದಿಸುವುದು ನನಗೆ ಇನ್ನೂ ಸಾಧ್ಯವಾಗಿಲ್ಲ, ತಮ್ಮ ಕಚೇರಿಯಲ್ಲಿ ಅದಕ್ಕೊಂದು ವಿಭಾಗವಿದ್ದರೆ ತಿಳಿಸಬೇಕು.

ಕೊನೆಯಲ್ಲಿ ತಮ್ಮಲ್ಲಿ ಸಣ್ಣ ಪ್ರಾರ್ಥನೆ. ಮುಂದಿನ ಮಾದರಿಯನ್ನು ಇನ್ನೂ ಚಿಕ್ಕದು ಮಾಡುತ್ತೀರೆಂದು ಕೇಳಿದ್ದೇನೆ. ಸಾಧ್ಯವಾದರೆ ಪೆಟ್ಟಿಗೆಯನ್ನು ಪೂರ್ತಿ ಕೈಬಿಟ್ಟು ಬೆಲೆಯನ್ನು ಮಾತ್ರ ಮಾರಾಟಕ್ಕಿಡಬೇಕು. ಮೇಜಿನ ಮೇಲೆ ಜಾಗವೂ ಉಳಿಯುತ್ತದೆ, ತಮಗೆ ಬೆಸೆಯುವ ಶ್ರಮವೂ ತಪ್ಪುತ್ತದೆ. ಅದಾಗದಿದ್ದರೆ ಮೆಮೊರಿಯನ್ನು ಕಳಚಿ ಹಾಕುವಂತೆ ಒಂದು ಸಣ್ಣ ಕಂಡಿ ಬಿಡಿಸಬೇಕು. ಕಂಡಿ ಬಿಡುವುದು ಹೇಗೆಂದು ತಿಳಿಯದಿದ್ದರೆ ತಮ್ಮ ಕುಶಲಕರ್ಮಿಗಳು ನಮ್ಮ ಮಹಡಿಗೆ ಬರಲಿ, ಅಕ್ಕ ಹೇಳಿಕೊಡುತ್ತಾಳೆ, ಚಹಾ ನಮ್ಮದು.

ಹಲ್ಲು ಕಚ್ಚಿಕೊಂಡು ಇಷ್ಟನ್ನು ಬರೆದ,

ತಮ್ಮ ವಿಶ್ವಾಸಿ,
ಎರಡು ಪೆಟ್ಟಿಗೆ ಸಾಲದೆ ಮೂರನೆಯದನ್ನೂ ಕೊಂಡ ಗ್ರಾಹಕ

ತಾ.ಕ.: ಈ ಪತ್ರ ಮುಗಿಸಿ ಅಂಚೆಗೆ ಹಾಕದೆ ಇಟ್ಟಿದ್ದ ವಾರದಲ್ಲಿ ವೈದ್ಯೆಯವರಿಂದ ಹೊಸ ಅಚ್ಚೊಂದು ಬಂತು. ಅದು ತಮ್ಮ ಕಂಪನಿಯ ಈ ಊರಿನ ಮುಖ್ಯಸ್ಥರ ಬಾಯಿಯದಂತೆ, ಪೂರ್ತಿ ಸೆಟ್ಟು, ಹೊಸ ಮಾದರಿಯ ಬೆಲೆ ಘೋಷಿಸುವ ಸಭೆಗೆ ಬೇಕಂತೆ. ಸದ್ಯಕ್ಕೆ ಮುಂದಿನ ನಾಲ್ಕು ಮಾತ್ರ ಕೊಡೋಣ, ಉಳಿದದ್ದಕ್ಕೆ ಈಗಲೇ ಮುಂದಾಲೋಚನೆ ಮಾಡಲಿ ಎಂದು ನಾನು ಹೇಳಿದೆ. ಅಕ್ಕ 'ಬಾಯಿ ಯಾರ್ದಾದ್ರೇನೋ, ಅನ್ನ ಅಗೀಬೇಡ್ವಾ' ಎಂದು ನನ್ನ ತಲೆಗೆ ಮೊಟಕಿ, ಸೆಟ್ಟಿನಲ್ಲಿ ಒಂದು ಹಲ್ಲೂ ಕಡಿಮೆ ಮಾಡದೆ, ಎಂದಿನ ದರದಲ್ಲೇ ಮುಗಿಸಿದ್ದಾಳೆ. ಆದ್ದರಿಂದ ತಮ್ಮವರು ಧೈರ್ಯವಾಗಿ ವೇದಿಕೆ ಹತ್ತಲಿ: ಬೆಲೆ ಎಷ್ಟೇ ಹೇಳಿದರೂ ಆ ಹಲ್ಲು ಕದಲುವುದಿಲ್ಲ.