ಹನ್ನೊಂದು ಪಟ್ಟಿಯ ಟವೆಲ್ಲು

ನಮ್ಮ ಸೋದರಮಾವನಿಗೆ ಬಣ್ಣ ಕಾಣುವುದಿಲ್ಲ. ಅಯ್ಯೋ ಪಾಪ ಎನ್ನಬೇಡಿ, ಕಣ್ಣು ಚೆನ್ನಾಗಿಯೇ ಇದೆ. ಕಾಣುತ್ತದೆ, ಅವರು ನೋಡುವುದಿಲ್ಲ ಅಷ್ಟೆ! ಇದರಲ್ಲೇನು ವಿಶೇಷ ಎನ್ನುತ್ತೀರಾ? ಅವರ ಉದ್ಯೋಗ ನಾರಾಯಣಪೇಟೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದು. ಒಂದು ವಾರ ಮೊಣಕೈತನಕ ಕುಂಕುಮದ ಕೆಂಪು, ಮರುವಾರ ಗಿಳಿಹಸಿರು. ಊರ ಮಗ್ಗಗಳಿಗೆಲ್ಲ ಬಣ್ಣ ಹಂಚುವ ಈ ಮನುಷ್ಯ, ಕೈ ತೊಳೆದು ಒರೆಸಿಕೊಂಡು ಹಳೆಯ ರೀಲಿನ ಕ್ಯಾಮೆರಾ ಹಿಡಿದರೆಂದರೆ ಜಗತ್ತು ಕಪ್ಪು ಬಿಳುಪಾಗಿಬಿಡಬೇಕು. ಕಲರ್ ಫೋಟೋ ತೆಗೆಯಿರಿ ಎಂದು ಯಾರಾದರೂ ಅಂದರೆ, ದಿನವಿಡೀ ಮಿಠಾಯಿ ಮಾರುವವನ ಬಾಯಿಗೆ ಜಿಲೇಬಿ ತುರುಕಿದಂತೆ ಮುಖ ಮಾಡುತ್ತಾರೆ.

ಅವರ ಹೆಗಲ ಮೇಲೊಂದು ಟವೆಲ್ಲು ಸದಾ ಇರುತ್ತದೆ. ಅದರಲ್ಲಿ ಹನ್ನೊಂದು ಪಟ್ಟಿ. ಮೊದಲನೆಯದು ಹಾಲಿನ ಬಿಳಿ, ಕೊನೆಯದು ಕಾಡಿಗೆಯ ಕಪ್ಪು, ನಡುವೆ ಒಂದಕ್ಕಿಂತ ಒಂದು ಗಾಢವಾದ ಒಂಬತ್ತು ಬೂದಿ ಬಣ್ಣ. ನೂಲನ್ನು ಹದವಾಗಿ ಅದ್ದಿದವರು ಮಾವ, ನೇಯ್ದವರು ಅತ್ತೆ. ಯಾವ ವಸ್ತು ಫೋಟೋದಲ್ಲಿ ಎಷ್ಟು ಕಪ್ಪಾಗಿ ಬರುತ್ತದೆ ಎಂದು ಅಳೆಯಲು ಮಾವ ಇದನ್ನು ಎಲ್ಲದರ ಪಕ್ಕಕ್ಕೂ ಹಿಡಿಯುತ್ತಾರೆ. ಬದನೆಕಾಯಿಗೆ ಹಿಡಿದಿದ್ದಾರೆ, ಎಮ್ಮೆಗೆ ಹಿಡಿದಿದ್ದಾರೆ. ನಾನು ಮಕ್ತಲದಿಂದ ಬಸ್ಸಿಳಿದು ಬಂದರೆ ಆರೋಗ್ಯ ವಿಚಾರಿಸುವ ಮೊದಲೇ ನನ್ನ ಕೆನ್ನೆಗೆ ಹಿಡಿಯುತ್ತಾರೆ.

“ಹ್ವಾದ ಸಲ ಆರಿದ್ದಿ, ಈಗ ಏಳಕ್ಕ ಬಂದಿ. ಬಿಸಲಾಗ ತಿರಗಬ್ಯಾಡ ಅಳಿಯಾ.”

ಡಾಕ್ಟರು ಕೂಡ ನನ್ನನ್ನು ಇಷ್ಟು ನಿಖರವಾಗಿ ಪರೀಕ್ಷಿಸಿದ್ದಿಲ್ಲ!

ಈ ಹುಚ್ಚಿಗೆ ಮೂಲ ಅವರ ಮನೆಯ ನಡುಕೋಣೆಯ ಗೋಡೆಯ ಮೇಲಿದೆ. ಅದು ಅವರ ಮದುವೆಯ ಫೋಟೋ. ಅದರಲ್ಲಿ ಮಾವನ ಬಿಳಿ ಅಂಗಿಯ ಗುಂಡಿಗಳನ್ನು ಎಣಿಸಬಹುದು, ಇಸ್ತ್ರಿಯ ಗೆರೆ ಕಾಣುತ್ತದೆ. ಪಕ್ಕದಲ್ಲಿ ಅತ್ತೆಯ ಸೀರೆ ಕಾಣುತ್ತದೆ, ಮೂಗುತಿ ಕಾಣುತ್ತದೆ, ಅತ್ತೆ ಕಾಣುವುದಿಲ್ಲ. ಅತ್ತೆಯ ಮೈಬಣ್ಣ ಕಪ್ಪು. ಸ್ಟುಡಿಯೋದವನು ಅಂಗಿಯ ಬಿಳಿ ನೋಡಿಕೊಂಡು ಬೆಳಕು ಕಡಿಮೆ ಮಾಡಿದ, ಮುಖವಿದ್ದ ಜಾಗದಲ್ಲಿ ಕತ್ತಲೆ ಕೂತಿತು. ನೆಂಟರ ಬಾಯಿಗೆ ಬೀಗವೆಲ್ಲಿ? ಒಬ್ಬರಂತೂ ಆ ಫೋಟೋ ನೋಡಿ, ಅವತ್ತು ಮದುಮಗಳು ಬಂದಿದ್ದಿಲ್ಲೇನು ಎಂದು ಅತ್ತೆಯ ಎದುರಿಗೇ ಕೇಳಿ ನಕ್ಕರಂತೆ.

ಅತ್ತೆ ಕೂಡ ನಕ್ಕರಂತೆ. ಆಮೇಲೆ ಯಾವ ಕ್ಯಾಮೆರಾದ ಮುಂದೂ ನಿಲ್ಲಲಿಲ್ಲ. ಯಾರಾದರೂ ಫೋನು ಎತ್ತಿದರೂ ಸೆರಗು ಮುಖಕ್ಕೆ ಬರುತ್ತದೆ. ಆಧಾರ್ ಕಾರ್ಡಿನದೊಂದು ಬಿಟ್ಟರೆ ಅತ್ತೆಯ ಇನ್ನೊಂದು ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ! ಮಾವ ಕ್ಯಾಮೆರಾ ಕೊಂಡದ್ದು ಆ ಒಂದೇ ಒಂದು ಮುಖಕ್ಕಾಗಿ. ಆ ಮುಖ ಸಿಗುವವರೆಗೆ ಊರಿನ ಉಳಿದ ಮುಖಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು.

ಹಾಗೆ ಪಳಗಿದ ಕೈಗೆ ಬಲಿಯಾದವರಲ್ಲಿ ಮಲ್ದಕಲ್‌ನ ಒಬ್ಬ ಅಜ್ಜನೂ ಇದ್ದಾರೆ. ಮುಂಡಾಸಿನ ನೆರಳಲ್ಲಿ ಅಜ್ಜನ ಕಣ್ಣುಗಳು ಮುಳುಗಿಹೋಗುತ್ತವೆ ಎಂದು ಮಾವ ಹಿಟ್ಟು ನಾದುವ ಸ್ಟೀಲಿನ ಪರಾತವನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಅದರಿಂದ ಬಿಸಿಲನ್ನು ಅಜ್ಜನ ಮುಖಕ್ಕೆ ತಿರುಗಿಸುವ ಕೆಲಸ ನನ್ನದು. ನಾನು ತಿರುಗಿಸಿದೆ. ಅಜ್ಜ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದ ಕಣ್ಣಲ್ಲೇ ಕೇಳಿದರು: “ನೀವು ಫೋಟೋ ತಗಿಯಾಕ ಬಂದೀರೋ, ಹಪ್ಪಳ ಸುಡಾಕ ಬಂದೀರೋ?”

ಜೂರಾಲ ಅಣೆಕಟ್ಟಿನ ಗೇಟು ತೆರೆದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದದ್ದಂತೂ ಇನ್ನೊಂದು ಕಥೆ. ನಾವೆಲ್ಲ ನೀರು ನೋಡಿದೆವು, ಬುತ್ತಿ ಉಂಡೆವು, ಮರದಡಿ ಮಲಗಿ ಎದ್ದೆವು. ಮಾವ ಮಾತ್ರ ಟವೆಲ್ಲು ಹಿಡಿದು ಮೋಡಕ್ಕಾಗಿ ಕಾಯುತ್ತ ನಿಂತಿದ್ದರು. ಬಿಸಿಲಿದ್ದರೆ ನೊರೆ ಬರೀ ಸುಣ್ಣದಂತೆ ಬರುತ್ತದಂತೆ, ಬಂಡೆ ಬರೀ ಡಾಂಬರಿನಂತೆ. ಕೊನೆಗೆ ಮೋಡ ಬಂತು. ಬಂದದ್ದು ಸುಮ್ಮನೆ ಬರಲಿಲ್ಲ, ಮಳೆಯನ್ನೂ ಕರೆದುಕೊಂಡು ಬಂತು! ಮಾವ ಟವೆಲ್ಲನ್ನು ಕ್ಯಾಮೆರಾಕ್ಕೆ ಹೊದಿಸಿ ತಾವು ತೊಯ್ದರು.

ಈ ಹೊತ್ತಿಗೆ ನನ್ನ ತಂಗಿಯ ಮದುವೆ ಗದ್ವಾಲದ ಹುಡುಗನೊಂದಿಗೆ ಆಯಿತು. ಸೀರೆಯವರ ಮನೆಯ ಹೆಣ್ಣನ್ನು ಸೀರೆಗೆ ಹೆಸರಾದ ಊರಿಗೆ ಕೊಡುವುದೆಂದರೆ ಹುಡುಗಾಟವೇ? ಅತ್ತೆ ಪಣ ತೊಟ್ಟವರಂತೆ ಕೂತು ಕೆಂಪು ಮೈ, ಹಸಿರು ಅಂಚಿನ ಸೀರೆ ನೇಯ್ದರು. ಎರಡೂ ಬಣ್ಣ ಹಾಕಿದವರು ಮಾವ. ಮದುವೆಯಲ್ಲಿ ತಂಗಿಯದೊಂದು ಕಪ್ಪು ಬಿಳುಪು ಫೋಟೋ ತೆಗೆದು, ಚೌಕಟ್ಟು ಹಾಕಿಸಿ ಬೀಗರಿಗೆ ಉಡುಗೊರೆ ಕೊಟ್ಟರು. ತಂಗಿಯ ಅತ್ತೆ ಅದನ್ನು ಬೆಳಕಿಗೆ ಹಿಡಿದರು, ಓರೆ ಮಾಡಿ ನೋಡಿದರು, ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: “ಅಂಚು ಏದಮ್ಮಾ?”

ಅಂಚು ಎಲ್ಲಿ? ಎಲ್ಲೂ ಇರಲಿಲ್ಲ! ಕೆಂಪೂ ಹಸಿರೂ ಸೇರಿ ಒಂದೇ ಬೂದಿಯಾಗಿ, ಮದುಮಗಳು ಗೋಣಿಚೀಲ ಸುತ್ತಿಕೊಂಡಂತೆ ನಿಂತಿದ್ದಳು.

ಸುದ್ದಿ ನಾರಾಯಣಪೇಟೆ ಮುಟ್ಟಿದಾಗ ಅತ್ತೆ ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಏಳಲಿಲ್ಲ, ಲಾಳಿ ಮಾತ್ರ ನಿಲ್ಲಿಸಿದರು.

“ಕೆಂಪು ಹಾಕಿದೋರೂ ನೀವಽ, ಹಸರು ಹಾಕಿದೋರೂ ನೀವಽ. ಎರಡೂ ಒಂದಽ ಮಾಡಿ ಇಟ್ಟುಬಿಟ್ರಿ. ಇಂಥಾ ಪೆಟಗಿ ಮುಂದ ನನಗ ಕುಂದ್ರು ಅಂತೀರಿ.”

ಮಾವ ಉಳಿದಿದ್ದ ನೂಲಿನ ಲಡಿಗಳನ್ನು ಎತ್ತಿ ತಂದರು. ಕೆಂಪು ನೂಲಿನ ಪಕ್ಕ ಟವೆಲ್ಲು ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು: ಆರು. ಹಸಿರಿಗೆ ಹಿಡಿದರು: ಅದೂ ಆರು. ಎಮ್ಮೆಯನ್ನು ಅಳೆದವರು ತಾವೇ ಹಾಕಿದ ಬಣ್ಣವನ್ನು ಅಳೆದಿರಲಿಲ್ಲ. ಮರುದಿನದಿಂದ ಹಿತ್ತಲ ಹಗ್ಗದ ಮೇಲೆ ಕೆಂಪು ಹಸಿರು ಲಡಿಗಳು ಅಕ್ಕಪಕ್ಕ ತೂಗತೊಡಗಿದವು. ಮಾವ ಕ್ಯಾಮೆರಾದ ಕಣ್ಣಿಗೆ ಒಮ್ಮೆ ಹಳದಿ ಗಾಜಿನ ಚೂರು, ಒಮ್ಮೆ ನೀಲಿ, ಒಮ್ಮೆ ಕೆಂಪು ಹಿಡಿದು ಫೋಟೋ ತೆಗೆದರು. ಅದನ್ನೆಲ್ಲ ತೊಳೆದು ಪ್ರಿಂಟು ಹಾಕುವ ಕತ್ತಲಕೋಣೆ ಯಾವುದು ಗೊತ್ತೆ? ಮನೆಯ ಬಚ್ಚಲು. ಆ ವಾರ ಸ್ನಾನ ಮಾಡಿದವರು ಭಾಗ್ಯವಂತರು.

ಕೊನೆಗೆ ಕೆಂಪು ಗಾಜು ಕೆಲಸ ಮಾಡಿತು. ಕೆಂಪು ಗಾಜಿನಲ್ಲಿ ಕೆಂಪು ನೂಲು ಬೆಳ್ಳಗೆ ತಿಳಿಯಾಗಿ, ಹಸಿರು ನೂಲು ಗಾಢವಾಗಿ ಬಂದವು. ಮಾವ ಗದ್ವಾಲಕ್ಕೆ ಓಡಿ, ತಂಗಿಗೆ ಮತ್ತೆ ಅದೇ ಸೀರೆ ಉಡಿಸಿ ಫೋಟೋ ತೆಗೆದರು. ಈ ಸಲ ಅಂಚು ಗದ್ವಾಲದ ಕೋಟೆ ಗೋಡೆಯಂತೆ ಎದ್ದು ನಿಂತಿತ್ತು.

ಆ ಫೋಟೋದ ಇನ್ನೊಂದು ಪ್ರತಿಯನ್ನು ಅತ್ತೆಗೆ ತೋರಿಸಲು ತಂದ ದಿನ ನಾನೂ ಅಲ್ಲಿದ್ದೆ. ಅತ್ತೆ ಬೆರಳಲ್ಲಿ ಅಂಚನ್ನು ಸವರಿ ನೋಡಿ, ಒಳಗೆ ಹೋಗಿ ಮಗ್ಗಕ್ಕೆ ಕೂತರು. ನಾನು ಜಾಣನಂತೆ ಮಾವನಿಗೊಂದು ಉಪಾಯ ಹೇಳಿದೆ. ಕೆಂಪನ್ನು ತಿಳಿಯಾಗಿಸುವ ಗಾಜು ಮುಖವನ್ನೂ ತಿಳಿಯಾಗಿಸುತ್ತದಲ್ಲ, ಅತ್ತೆಗೂ ಅದನ್ನೇ ಹಿಡಿದರೆ ಬೆಳ್ಳಗೆ ಕಾಣುತ್ತಾರೆ, ಅವರೂ ಒಪ್ಪುತ್ತಾರೆ ಎಂದೆ.

ಮಾವ ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ದನಿ ಏರಿಸಲಿಲ್ಲ. “ಅಕಿನ್ನ ಬೆಳ್ಳಗ ಮಾಡಾಕ ನಾ ಇದನ್ನ ಕಲೀಲಿಲ್ಲ ಅಳಿಯಾ. ಅಕಿ ಹೆಂಗದಾಳೋ ಹಂಗಽ ಕಾಣಬೇಕು. ಕಪ್ಪಂದ್ರ ಒಂದಽ ಇರತೈತೇನು? ಬಣ್ಣ ಹಾಕಾಂವ ನಾನು, ನನಗ ಗೊತ್ತಿಲ್ಲೇನು?”

ಒಳಗೆ ಲಾಳಿಯ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಎರಡು ವಾರ ಬಿಟ್ಟು ನಾನು ಹೋದಾಗ ಅತ್ತೆಯ ಮಗ್ಗದ ಮೇಲೆ ಬಣ್ಣವಿಲ್ಲದ ನೂಲಿತ್ತು. ಮಕ್ತಲದ ಯಾರೋ ಬಿಳಿ ಪಂಚೆ ಕೇಳಿದ್ದರಂತೆ. ಅತ್ತೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಅವರ ಮುಂದೆ ಉದ್ದಕ್ಕೆ ಎಳೆದು ಕಟ್ಟಿದ ಬಿಳಿ ನೂಲು ಹಾಸಿಗೆಯಂತೆ ಹರಡಿತ್ತು. ಬಾಗಿಲಿನ ಬೆಳಕು ಅದರ ಮೇಲೆ ಬಿದ್ದು, ಮೆತ್ತಗೆ ಮೇಲೆದ್ದು ಅವರ ಮುಖಕ್ಕೆ ತಾಗುತ್ತಿತ್ತು. ಕಣ್ಣ ಕೆಳಗಿನ ಗೆರೆ, ಕೆನ್ನೆಯ ಏರು, ತುಟಿಯ ಅಂಚು ಎಲ್ಲ ಕಾಣುತ್ತಿದ್ದವು. ಪರಾತ ಹೊತ್ತು ಊರೂರು ಅಲೆದವರು ಮನೆಯಲ್ಲೇ ಇದ್ದ ಈ ಬೆಳಕನ್ನು ನೋಡಿರಲಿಲ್ಲ. ಮಾವ ಕ್ಯಾಮೆರಾ ಹಿಡಿದು ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟರು. ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಅತ್ತೆ ತಲೆಯೆತ್ತದೆ ಹೇಳಿದರು: “ತಗೀರಿ. ಕೈ ಮಾತ್ರ ನಾ ನಿಲ್ಲಸಂಗಿಲ್ಲ.”

ಒಂದೇ ಒಂದು ತೆಗೆದರು. ಮರುದಿನ ಬಚ್ಚಲಿನಿಂದ ಹಸಿ ಪ್ರಿಂಟನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಬಂದು ಅತ್ತೆಯ ಮುಂದಿಟ್ಟರು. ಅತ್ತೆ ಅವರ ಹೆಗಲಿನ ಟವೆಲ್ಲು ಎಳೆದುಕೊಂಡು ಫೋಟೋದ ಪಕ್ಕ ಹಾಸಿದರು. ಒಂದು ಬೆರಳು ಟವೆಲ್ಲಿನ ಮೇಲೆ, ಒಂದು ಬೆರಳು ಫೋಟೋದಲ್ಲಿನ ತಮ್ಮ ಮುಖದ ಮೇಲೆ. ಹಣೆಯಲ್ಲಿ ಐದು ಸಿಕ್ಕಿತು. ಕೆನ್ನೆಯಲ್ಲಿ ಏಳು, ಕತ್ತಿನಲ್ಲಿ ಒಂಬತ್ತು. ಮೂಗುತಿಯ ಹೊಳಪಿನಲ್ಲಿ ಒಂದು. ಮುಖದಲ್ಲೆಲ್ಲ ಹುಡುಕಿದರೂ ಹನ್ನೊಂದು ಸಿಗಲಿಲ್ಲ, ಅದು ಕೂದಲಲ್ಲಿತ್ತು.

ಟವೆಲ್ಲಿನಿಂದ ಬೆರಳೆತ್ತಿ ಅತ್ತೆ ಕೇಳಿದರು: “ನಾ ಅವತ್ತೂ ಹಿಂಗಽ ಇದ್ದೆನೇನ್ರಿ?”

ಮಾವ ಗೋಡೆಯ ಮೇಲಿನ ಮದುವೆಯ ಫೋಟೋ ಕಡೆ ನೋಡಿದರು.

“ಇದ್ದಿ. ನಿನಗ ತೋರಸಾಕ ನನಗಽ ಬರಲಾರದಕ್ಕ ಇಷ್ಟು ತಡ ಆತು.”

ಅತ್ತೆಯ ಕೈ ರೂಢಿಯಂತೆ ಸೆರಗಿಗೆ ಹೋಯಿತು. ಮುಖದತನಕ ಬಂದ ಸೆರಗು ಅಲ್ಲಿ ನಿಂತಿತು. ಅದರ ತುದಿಯಿಂದ ಅವರು ಫೋಟೋದ ಮೂಲೆಗೆ ಇಳಿದಿದ್ದ ಒಂದು ಹನಿ ನೀರನ್ನು ಮೆಲ್ಲಗೆ ಒತ್ತಿ ತೆಗೆದರು.